ಬಾಸೆಲ್ ಜೂಲಿಯನ್‌ನ ಹೂಕುಂಡಗಳು

ಜೂಲಿಯನ್ ರೆಬೆಲ್ಲೊ ಸುಳ್ಳು ಹೇಳುವ ಜಾತಿಯ ಮನುಷ್ಯನಲ್ಲ. ಅವನ ಜೀವನದ ಒಂದೇ ಒಂದು ದೊಡ್ಡ ಸುಳ್ಳನ್ನೂ ಅವನು ಬಾಯಿಬಿಟ್ಟು ಹೇಳಿದ್ದಲ್ಲ. ಬೇರೆಯವರು ಹೇಳಿದಾಗ ಸುಮ್ಮನೆ ತಲೆಯಾಡಿಸಿದ, ಅಷ್ಟೆ. ಆ ತಲೆಯಾಡಿಸಿದ್ದು ಇಪ್ಪತ್ತೇಳು ವರ್ಷ ಅವನ ಹೆಗಲ ಮೇಲೆ ಕೂತಿತ್ತು.

ಅದು ನಡೆದದ್ದು ಹೀಗೆ. ೧೯೬೧ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ಸೋದರಮಾವನ ಬೆನ್ನು ಹಿಡಿದು ಅವನು ಮಂಗಳೂರಿನಿಂದ ನೈರೋಬಿಗೆ ಬಂದ. ಅಲ್ಲಿನ ಪಂಗಾನಿ ಬಡಾವಣೆಯ ರಸ್ತೆ ಬದಿಯಲ್ಲಿ ಕಾಂತಿಭಾಯ್ ಎಂಬ ಗುಜರಾತಿಯೊಬ್ಬ ಹೂಕುಂಡ, ಗಿಡ, ಗೊಬ್ಬರ ಮಾರುವ ಅಂಗಡಿ ಇಟ್ಟಿದ್ದ. ಕೆಲಸ ಕೇಳಿಕೊಂಡು ಹೋದ ಜೂಲಿಯನ್‌ನನ್ನು ಅವನು ಇಂಗ್ಲಿಷಿನಲ್ಲೇ ವಿಚಾರಿಸಿದ.

“ಮೊದಲು ಎಲ್ಲಿ ಕೆಲಸ ಮಾಡ್ತಿದ್ದಿ?”

“ಬಾಸೆಲ್‌ನಲ್ಲಿ ಸರ್. ಮೂರು ವರ್ಷ. ಹೂಕುಂಡ ಮಾಡುವ ವಿಭಾಗ.”

ಅವನು ಹೇಳಿದ್ದು ಮಂಗಳೂರಿನ ನದಿ ದಂಡೆಯ ಹಂಚಿನ ಕಾರ್ಖಾನೆಯ ವಿಷಯ. ಹಳೆಯ ಬಾಸೆಲ್ ಮಿಷನ್ನಿನವರು ಕಟ್ಟಿಸಿದ್ದು. ಅವರು ಕೈಬಿಟ್ಟು ಎಷ್ಟೋ ವರ್ಷವಾಗಿದ್ದರೂ ಊರಿನವರ ಬಾಯಲ್ಲಿ ಅದು ಬಾಸೆಲ್ಲೇ. ಆದರೆ ಅಲ್ಲೇ ಗುಲಾಬಿ ಗಿಡ ಆರಿಸುತ್ತಿದ್ದ ಇಂಗ್ಲಿಷ್ ಹೆಂಗಸೊಬ್ಬಳು ಸರಕ್ಕನೆ ತಿರುಗಿ, “ಬಾಸೆಲ್! ಸ್ವಿಟ್ಜರ್ಲೆಂಡ್! ಎಂಥ ಚೆಂದದ ಊರು!” ಎಂದುಬಿಟ್ಟಳು. ಅವಳ ಇಂಗ್ಲಿಷು ಜೂಲಿಯನ್‌ಗೆ ಅರ್ಧಂಬರ್ಧ ತಿಳಿಯಿತು. ಮರ್ಯಾದೆಗೆ ತಲೆಯಾಡಿಸಿದ. ಕಾಂತಿಭಾಯ್‌ನ ಕಣ್ಣು ಅರಳಿತು. ಅವತ್ತೇ ಕೆಲಸವಾಯಿತು. ತಿಂಗಳೊಳಗೆ ಅಂಗಡಿಯ ಹೊರಗೆ ಹಸಿರು ಬಣ್ಣದ ಬೋರ್ಡೂ ಬಂತು: ‘ಸ್ವಿಸ್ ತರಬೇತಿಯ ತಜ್ಞರಿದ್ದಾರೆ.’

ತಜ್ಞ ಯಾರು ಎಂದು ಜೂಲಿಯನ್‌ಗೆ ತಿಳಿಯಲು ನಾಲ್ಕು ದಿನ ಬೇಕಾಯಿತು. ಆಮೇಲೆ ಹೇಳೋಣವೆಂದರೆ ಕೆಲಸ ಹೋಗುವ ಭಯ. ಇನ್ನೊಂದು ವರ್ಷ ಕಳೆಯಲಿ ಎಂದುಕೊಂಡ. ಕೆಲಸದಲ್ಲಿ ಅವನೇನೂ ಯಾರಿಗೂ ಮೋಸ ಮಾಡಲಿಲ್ಲ. ಕುಂಡದ ತೂತಿನ ಮೇಲೆ ಒಡೆದ ಹಂಚಿನ ಚೂರು ಹೇಗೆ ಮಗುಚಿಡಬೇಕು, ನೈರೋಬಿಯ ಕೆಂಪು ಮಣ್ಣಿಗೆ ಎಷ್ಟು ಮರಳು ಸೇರಿಸಿದರೆ ನೀರು ನಿಲ್ಲುವುದಿಲ್ಲ, ಯಾವ ಗಿಡ ಹಿಂದೆ, ಯಾವುದು ಮುಂದೆ, ಅಂಚಿನಿಂದ ಕೆಳಗಿಳಿಯಲು ಯಾವ ಬಳ್ಳಿ ಎಂಬುದೆಲ್ಲ ಅವನ ಬೆರಳಿಗೇ ಗೊತ್ತಿತ್ತು. ಹೋಟೆಲಿನವರು, ಬ್ಯಾಂಕಿನವರು ಬಾಗಿಲ ಅಲಂಕಾರಕ್ಕೆ ಅವನನ್ನೇ ಕರೆಯುತ್ತಿದ್ದರು. ಗಿರಾಕಿಗಳ ಬಾಯಲ್ಲಿ ಅವನು ‘ಬಾಸೆಲ್ ಜೂಲಿಯನ್’ ಆದ.

೧೯೬೭ರಲ್ಲಿ ಲೊರೆಟ್ಟಾಳನ್ನು ಮದುವೆಯಾಗಿ ಕರೆತಂದ. ಅವಳೂ ಮಂಗಳೂರಿನವಳೇ. ಬೋರ್ಡು ನೋಡಿ ನಗು ತಡೆಯಲಾರದೆ, “ಎಂತ ಮಾರಾಯ್ರೆ ಇದು? ನೀವು ಮಂಗಳೂರು, ನೈರೋಬಿ ಬಿಟ್ಟು ಬೇರೆ ಎಲ್ಲಿಗೂ ಹೋದದ್ದೇ ಇಲ್ಲ!” ಎಂದಳು. ವರ್ಷ ಕಳೆದಂತೆ ಅವಳ ನಗು ನಿಂತಿತು. ಅದರಲ್ಲೂ ಮಗಳು ಫ್ರೀಡಾ ಪ್ರೈಮರಿ ಶಾಲೆಯಲ್ಲಿ ‘ಸ್ವಿಟ್ಜರ್ಲೆಂಡಿನಲ್ಲಿ ನನ್ನ ಪಪ್ಪಾ’ ಎಂದು ಪ್ರಬಂಧ ಬರೆದು, ಅದನ್ನು ಟೀಚರು ಗೋಡೆಗೆ ಅಂಟಿಸಿದ ದಿನ ಲೊರೆಟ್ಟಾ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. “ಹಿಮ ಹೇಗಿರುತ್ತೆ ಪಪ್ಪಾ?” ಎಂದು ಮಗು ಕೇಳಿದ್ದಕ್ಕೆ ಜೂಲಿಯನ್ “ತಣ್ಣಗಿರುತ್ತದೆ” ಎಂದಿದ್ದ. ಅದೊಂದು ಮಾತು ಅವನು ತಾನೇ ಹೇಳಿದ್ದು. 

೧೯೮೮ರ ಅಕ್ಟೋಬರ್ ಮೊದಲ ವಾರ, ಮಿಸೆಸ್ ಕೆಲ್ಲರ್ ಎಂಬಾಕೆ ಅಂಗಡಿಗೆ ಬಂದಳು. ಅರುವತ್ತರ ಹತ್ತಿರದ ಹೆಂಗಸು, ಬಿಳಿಗೂದಲು, ಗಟ್ಟಿ ಚರ್ಮದ ಚಪ್ಪಲಿ. ಅಪ್ಪರ್ ಹಿಲ್‌ನ ಹಳೆಯ ಬಂಗಲೆಯೊಂದರಲ್ಲಿದ್ದ ಸ್ವಿಸ್ ಸೇವಾಸಂಸ್ಥೆಗೆ ಹೊಸದಾಗಿ ಬಂದ ಮೇಲ್ವಿಚಾರಕಿ. ಸ್ವಂತ ಊರು ಬಾಸೆಲ್.

ಅಂಗಳದಲ್ಲಿ ಸೇವಂತಿಗೆಯ ಮೊಗ್ಗು ಚಿವುಟುತ್ತಿದ್ದ ಜೂಲಿಯನ್‌ನ ಎರಡೂ ಕೈ ಹಿಡಿದುಕೊಂಡು ಆಕೆ ತನ್ನ ಊರಿನ ಜರ್ಮನ್‌ನಲ್ಲಿ ಮಾತಾಡತೊಡಗಿದಳು. ಐದು ನಿಮಿಷ, ಹತ್ತು ನಿಮಿಷ.  ಅವನಿಗೆ ಗೊತ್ತಿದ್ದ ಜರ್ಮನ್ ಎಂದರೆ ‘ಯಾ’ ಒಂದೇ. ನಡುನಡುವೆ “ಯಾ, ಯಾ” ಎಂದ. ಮಾತಿನ ಕೊನೆಗೆ ಆಕೆಯ ಕಣ್ಣು ಒದ್ದೆಯಾಗಿತ್ತು. ಅದಕ್ಕೂ ಅವನು ತಲೆಯಾಡಿಸಿದ. ಅದೃಷ್ಟಕ್ಕೆ ಕಾಂತಿಭಾಯ್ ಹೊರಗೆ ಬಂದ. ಮಾತು ಇಂಗ್ಲಿಷಿಗೆ ತಿರುಗಿತು.

ಆಕೆಗೆ ಬೇಕಾದದ್ದು ಇದು: ಅಕ್ಟೋಬರ್ ಇಪ್ಪತ್ತೊಂಬತ್ತು, ಶನಿವಾರ, ಬಂಗಲೆಯ ಅಂಗಳದಲ್ಲಿ ಶರತ್ಕಾಲದ ಹಬ್ಬ. ಅವರ ಊರಲ್ಲಿ ಎಲೆ ಕೆಂಪಾಗಿ ಉದುರುವ ಆ ದಿನಗಳಲ್ಲಿ ದೊಡ್ಡ ಸಂತೆ ಕೂಡುತ್ತದಂತೆ. ಗೇಟಿನಿಂದ ಮೆಟ್ಟಿಲವರೆಗೆ, ಜಗಲಿಯ ಕಂಬಗಳ ಬುಡದಲ್ಲಿ, ಇಪ್ಪತ್ತನಾಲ್ಕು ಹೂಕುಂಡ. ನೋಡಿದವರಿಗೆ ಶರತ್ಕಾಲ ಬಂತು ಅನ್ನಿಸಬೇಕು.

“ನಿಮಗೆ ನಾನು ಏನೂ ವಿವರಿಸಬೇಕಾಗಿಲ್ಲವಲ್ಲ, ಅದೇ ಖುಷಿ,” ಎಂದು ಹೊರಟಳು.

ಜೂಲಿಯನ್ ಮರುದಿನ ಊಟದ ಬಿಡುವಿನಲ್ಲಿ ಪೇಟೆಯ ಲೈಬ್ರರಿಗೆ ಹೋಗಿ ಶರತ್ಕಾಲದ ಚಿತ್ರಗಳಿರುವ ಪುಸ್ತಕ ಹುಡುಕಿದ. ಇಡೀ ಕಾಡು ಬೆಂಕಿ ಬಿದ್ದಂತೆ ಕಾಣುವ ಪುಟಗಳು. ಹೊರಗೆ ಕಿಟಕಿಯಾಚೆ ಜಕರಂಡಾ ಮರಗಳು ನೇರಳೆ ಹೂ ಚೆಲ್ಲಿಕೊಂಡು ನಿಂತಿದ್ದವು. ನೈರೋಬಿಯಲ್ಲಿ ಅಕ್ಟೋಬರ್ ಅಂದರೆ ನೇರಳೆ, ಮತ್ತೆ ಮಳೆಗೆ ಕಾಯುವ ಧೂಳು. ಕೆಂಪು ಎಲೆ ಎಲ್ಲಿಂದ ತರುವುದು?

ಒಂದು ಪುಸ್ತಕ ಎರವಲು ತಂದು ಅಂಗಡಿಯ ಹಿಂದಿನ ಮಣ್ಣಿನ ಅಂಗಳದಲ್ಲಿ ಬಿಡಿಸಿದ. ಅಲ್ಲಿ ಕುಂಡ ಮಾಡುತ್ತಿದ್ದವಳು ಮಚಾಕೋಸ್ ಕಡೆಯ ಮಾಮಾ ಮುವೇನಿ, ಜೂಲಿಯನ್‌ನಷ್ಟೇ ಹಳಬಳು. ಅವಳು ಕೈಯ ಜೇಡಿಮಣ್ಣು ಒರೆಸಿಕೊಂಡು ಚಿತ್ರ ನೋಡಿ ಸ್ವಾಹಿಲಿಯಲ್ಲಿ ಕೇಳಿದಳು:

“ಪಾಪ, ಈ ಮರಕ್ಕೆ ಯಾವ ರೋಗ?”

ಆ ಚಿತ್ರದಂತೆಯೇ ಮಾಡಲು ಜೂಲಿಯನ್ ವಾರವಿಡೀ ಹೆಣಗಿದ. ಒಣಗಿದ ಎಲೆಗಳಿಗೆ ಬಣ್ಣ ಬಳಿದು ತಂತಿಯಲ್ಲಿ ರೆಂಬೆಗೆ ಕಟ್ಟಿದ. ಎರಡು ದಿನದಲ್ಲಿ ಬಣ್ಣ ಸಿಪ್ಪೆಯೆದ್ದಿತು. ಸತ್ತ ಗಿಡಕ್ಕೆ ಅಂಗಿ ತೊಡಿಸಿದಂತೆ ಕಾಣುತ್ತಿತ್ತು. ಭಾನುವಾರ ಪೂಜೆ ಮುಗಿಸಿ ಬರುವಾಗ ಅದನ್ನು ನೋಡಲು ಲೊರೆಟ್ಟಾ ಅಂಗಡಿಗೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇದನ್ನು ಯಾರಾದರೂ ಹಬ್ಬ ಅಂತಾರಾ? ಇದು ಸತ್ತವರ ತಿಂಗಳ ಪೂಜೆಯ ಹಾಗೆ ಉಂಟು.”

“ನನಗೆ ಗೊತ್ತಿಲ್ಲದ್ದನ್ನು ನಾನು ಹೇಗೆ ಮಾಡಲಿ ಲೊರೆಟ್ಟಾ?”

“ಗೊತ್ತಿರುವುದನ್ನು ಮಾಡಿ. ಮಳೆ ಮುಗಿದ ಮೇಲೆ ನಮ್ಮಲ್ಲಿ ಎಂತ ಮಾಡ್ತಾರೆ? ಮೊಂತಿ ಹಬ್ಬಕ್ಕೆ ಇಗರ್ಜಿ ಬಾಗಿಲು ಹೇಗಿರ್ತದೆ? ಹೂವು, ಹೊಸ ತೆನೆ, ತರಕಾರಿ. ಬೆಳೆ ಬಂದರೆ ಅವರಿಗೂ ಖುಷಿಯೇ ಅಲ್ವಾ?”

ಜೂಲಿಯನ್ ಬಣ್ಣದ ಎಲೆಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ. ಅಂದಿನಿಂದ ಕೆಲಸ ನೀರಿನಂತೆ ಸಾಗಿತು. ಲಿಮುರುವಿನ ತೋಟದಿಂದ ತಾಮ್ರದ ಬಣ್ಣದ ಸೇವಂತಿಗೆ, ದಪ್ಪ ಚೆಂಡುಹೂ ಬಂದವು. ಹಿಂದಕ್ಕೆ ಎತ್ತರದ ಕ್ರೋಟನ್, ಹಳದಿ ಕೆಂಪು ಮಿಶ್ರವಾದದ್ದು. ನಡುವೆ ಕೋಳಿಜುಟ್ಟಿನ ಹೂ, ಕೆಂಪು ಹರಿವೆ. ಮಾಮಾ ಮುವೇನಿ ಮಾರುಕಟ್ಟೆಯಿಂದ ಜೋಳದ ತೆನೆ, ರಾಗಿ ತೆನೆಯ ಕಟ್ಟು ಹೊತ್ತು ತಂದಳು. ಜೂಲಿಯನ್ ಸಿಹಿಗುಂಬಳ, ಸೋರೆಬುರುಡೆಗಳನ್ನು ಕುಂಡದ ಬುಡಕ್ಕೆ ಒರಗಿಸಿ ಇಟ್ಟ. ದೊಡ್ಡ ಕುಂಡಗಳು ಸಾಲದಾದಾಗ ತಾನೇ ಪ್ಯಾಂಟು ಮಡಚಿ ಚಕ್ರದ ಮುಂದೆ ಕೂತು ಆರು ಕುಂಡ ಮಾಡಿದ. ಮಾಮಾ ಮುವೇನಿ ಒಂದರ ಅಂಚನ್ನು ತಟ್ಟಿ ನೋಡಿ “ಸವಾ”, ಸರಿಯಿದೆ, ಎಂದಳು. ಅವಳಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಪಿಕಪ್ಪಿನಲ್ಲಿ ಮೂರು ಸಲ ಸಾಗಿಸಿ ಅಪ್ಪರ್ ಹಿಲ್‌ನ ಬಂಗಲೆಯ ಮುಂದೆ ಎಲ್ಲವನ್ನೂ ಜೋಡಿಸಿದ. ಮಧ್ಯಾಹ್ನ ಮಿಸೆಸ್ ಕೆಲ್ಲರ್ ಹೊರಬಂದು ಮೆಟ್ಟಿಲ ಕೆಳಗೆ ನಿಂತು ನೋಡಿದಳು. ಮತ್ತೆ ಗೇಟಿನವರೆಗೆ ನಡೆದು ಹೋಗಿ ಅಲ್ಲಿಂದ ನೋಡಿದಳು.

“ನಾನು ಅಂದುಕೊಂಡ ಹಾಗಿಲ್ಲ,” ಎಂದಳು. ಜೂಲಿಯನ್ ಪಕ್ಕದ ಕುಂಡವನ್ನು ಎತ್ತಲು ಬಾಗಿದ. “ಅದಕ್ಕಿಂತ ಚೆನ್ನಾಗಿದೆ. ನಾಳೆ ಹಬ್ಬ ಶುರುವಾಗುವಾಗ ನೀವು ಎರಡು ಮಾತಾಡಬೇಕು. ನಮ್ಮ ಊರಿನ ಶರತ್ಕಾಲದ ಬಗ್ಗೆ.”

ಅಷ್ಟು ಹೇಳಿ ಆಕೆ ಒಳಗೆ ಹೋಗಿ ಏನನ್ನೋ ಎರಡು ಕೈಯಲ್ಲಿ ಹಿಡಿದು ತಂದಳು. “ಇದನ್ನು ನೋಡಿ! ಹೋದ ವಾರ ಜಗಲಿಯ ಛಾವಣಿ ರಿಪೇರಿ ಮಾಡುವಾಗ ಇಳಿಸಿದ್ದು. ನಮ್ಮ ಊರಿನ ಹೆಸರು ನನ್ನ ತಲೆಯ ಮೇಲೇ ಇತ್ತು, ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಹೆಸರಿದೆ, ಅದು ಯಾವ ಊರು?”

ಅದೊಂದು ಹಳೆಯ ಹಂಚು. ಪಾಚಿ ಕಟ್ಟಿದ ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಷನ್, ಮಂಗಳೂರು ಎಂದು ಒತ್ತಿತ್ತು. ಜೂಲಿಯನ್ ಹಂಚನ್ನು ಕೈಗೆ ತೆಗೆದುಕೊಂಡ. ಅದರ ತೂಕ ಕೈಗೆ ತಿಳಿದಿತ್ತು. ಈಗಲೂ ಅವನು ‘ಗೊತ್ತಿಲ್ಲ’ ಅಂದಿದ್ದರೆ ಆಕೆ ನಂಬುತ್ತಿದ್ದಳು. ಹಾಗೆನ್ನಲು ಬಾಯಿಯನ್ನೂ ತೆರೆದ. ಆದರೆ ಇಪ್ಪತ್ತೇಳು ವರ್ಷ ಸಾಕಾಗಿತ್ತು.

“ಅದು ನನ್ನ ಊರು ಮೇಡಂ,” ಎಂದ. “ನಾನು ಕೆಲಸ ಮಾಡಿದ ಬಾಸೆಲ್ ಇದೇ. ಹಂಚಿನ ಕಾರ್ಖಾನೆ. ನಿಮ್ಮ ಬಾಸೆಲ್ ನಾನು ನೋಡಿಯೇ ಇಲ್ಲ. ಶರತ್ಕಾಲವನ್ನೂ ನೋಡಿಲ್ಲ.”

ಶುರು ಮಾಡಿದ್ದೇ ತಡ, ಎಲ್ಲ ಹೊರಬಂತು. ಇಂಗ್ಲಿಷ್ ಹೆಂಗಸು, ಹಸಿರು ಬೋರ್ಡು, ಮಗಳ ಪ್ರಬಂಧ, ಲೈಬ್ರರಿಯ ಪುಸ್ತಕ. ಮಿಸೆಸ್ ಕೆಲ್ಲರ್ ನಗಲಿಲ್ಲ. ಮುಖ ಗಂಭೀರವಾಯಿತು.

“ಹಾಗಾದರೆ ಅವತ್ತು ಅಂಗಡಿಯಲ್ಲಿ ನಾನು ಹೇಳಿದ್ದು ಯಾವುದೂ ನಿಮಗೆ ತಿಳಿಯಲಿಲ್ಲ?”

“ಇಲ್ಲ ಮೇಡಂ.”

“ನನ್ನ ತಾಯಿಯ ವಿಷಯ ಹೇಳಿದ್ದೆ. ನೀವು ತಲೆಯಾಡಿಸಿದಿರಿ.”

ಜೂಲಿಯನ್‌ಗೆ ತಲೆ ಎತ್ತಲಾಗಲಿಲ್ಲ. ಇಷ್ಟು ವರ್ಷ ಸುಳ್ಳು ಗೊತ್ತಾದರೆ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ ಎಂದು ಹೆದರಿದ್ದ. ಇನ್ನೊಬ್ಬರ ಕಣ್ಣೀರಿಗೆ ತಿಳಿಯದೆ ತಲೆಯಾಡಿಸಿದ್ದು ಅದಕ್ಕಿಂತ ಕೆಟ್ಟದ್ದು ಎಂದು ಈಗ ಹೊಳೆಯಿತು. “ಕ್ಷಮಿಸಿ,” ಎಂದ. 

 ಆಕೆ ಕುಂಬಳಕಾಯಿಯೊಂದನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲ ಮೇಲೆ ಕೂತಳು.

“ಕೂತುಕೊಳ್ಳಿ. ಈಗ ಇಂಗ್ಲಿಷಿನಲ್ಲಿ ಹೇಳುತ್ತೇನೆ.”

ಹೇಳಿದಳು. ತಾಯಿಗೆ ಎಂಬತ್ತೆಂಟು. ವೃದ್ಧರ ಆಶ್ರಮವೊಂದರಲ್ಲಿದ್ದಾಳೆ. ಹೊರಡುವ ಮೊದಲು ಮಗಳು ನೋಡಲು ಹೋದರೆ ಗುರುತು ಹಿಡಿಯಲಿಲ್ಲ. ‘ನೀವು ಯಾರ ಮನೆಯವರು’ ಎಂದು ಮರ್ಯಾದೆಯಿಂದ ಕೇಳಿದಳು. ಅದರ ಮಾರನೆಯ ದಿನವೇ ವಿಮಾನ ಹತ್ತಿದ್ದಾಯಿತು. ಜೂಲಿಯನ್ ಈ ಸಲ ತಲೆಯಾಡಿಸದೆ ಕೇಳಿದ. ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ಹೇಳಿಸಿಕೊಂಡ. ಕೊನೆಗೆ, “ನನ್ನ ಅಮ್ಮ ತೀರಿಕೊಂಡಾಗ ನಾನೂ ಇಲ್ಲೇ ಇದ್ದೆ. ಕಾಗದ ಬರುವಾಗ ಹದಿನಾರು ದಿನ ಆಗಿತ್ತು,” ಎಂದ. 

“ನಾಳೆ ನೀವು ಮಾತಾಡಲೇಬೇಕು,” ಎಂದು ಆಕೆ ಎದ್ದಳು. “ನಿಮ್ಮ ಶರತ್ಕಾಲದ ಬಗ್ಗೆ.”

ಗೇಟು ದಾಟುತ್ತಿದ್ದಂತೆ ಜೂಲಿಯನ್‌ಗೆ ಭಯಂಕರ ಹಸಿವಾಯಿತು. ಮೂರು ವಾರದಿಂದ ಅವನು ಹೊಟ್ಟೆ ತುಂಬ ಊಟ ಮಾಡಿರಲಿಲ್ಲ. ರಸ್ತೆ ಬದಿಯಲ್ಲಿ ಸುಟ್ಟ ಮೆಕ್ಕೆಜೋಳ ಎರಡು ಕೊಂಡು, ಖಾರ ಹಚ್ಚಿಸಿಕೊಂಡು, ನಿಂತಲ್ಲೇ ತಿಂದ. ಮಟಾಟು ವ್ಯಾನಿನಲ್ಲಿ ಒತ್ತಿಕೊಂಡು ನಿಂತಿದ್ದರೂ ಮೈ ಹಗುರವಾಗಿತ್ತು. ಯಾರೋ ಕಾಲು ತುಳಿದು ಕ್ಷಮೆ ಕೇಳಿದ್ದಕ್ಕೆ “ಪರವಾಗಿಲ್ಲ, ಪರವಾಗಿಲ್ಲ” ಎಂದು ಕನ್ನಡದಲ್ಲೇ ಅಂದು ನಕ್ಕ.

ಕಾಂತಿಭಾಯ್ ಸುದ್ದಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನಿಗೆ ಈಗ ಎಪ್ಪತ್ತರ ಮೇಲೆ.

“ಆರ್ಡರ್ ರದ್ದು ಮಾಡಿದಳಾ?”

“ಇಲ್ಲ ಸೇಠ್.”

“ಮತ್ತೆ ಯಾಕೆ ಈ ಮುಖ? ಅರೆ ಜೂಲಿಯನ್, ನಿನ್ನ ಸ್ವಿಟ್ಜರ್ಲೆಂಡನ್ನು ನೋಡಿ ಕೆಲಸ ಕೊಟ್ಟದ್ದು ನಿಜ. ಇಟ್ಟುಕೊಂಡದ್ದು ನಿನ್ನ ಕೈ ನೋಡಿ.” ಸ್ವಲ್ಪ ತಡೆದು, “ಬೋರ್ಡಿಗೆ ಹೇಗೂ ಬಣ್ಣ ಹೋಗಿದೆ. ಸೋಮವಾರ ಬೇರೆ ಬರೆಸೋಣ. ಏನು ಬರೆಸಬೇಕು, ಯೋಚಿಸು,” ಎಂದ.

ಉಳಿದದ್ದು ಫ್ರೀಡಾ. ಅವಳಿಗೆ ಈಗ ಹದಿನೆಂಟು. ಟೀಚರ್ ಟ್ರೈನಿಂಗಿಗೆ ಸೇರಿದ್ದಳು. ಸಂಜೆ ಚಹಾ ಹೊತ್ತಿಗೆ ಅವಳು ಪುಸ್ತಕ ಹರಡಿಕೊಂಡು ಕೂತಿದ್ದಾಗ ಜೂಲಿಯನ್ ಎದುರು ಕುರ್ಚಿ ಎಳೆದುಕೊಂಡು ಎಲ್ಲ ಹೇಳಿದ. ಲೊರೆಟ್ಟಾ ಅಡಿಗೆ ಮನೆಯ ಬಾಗಿಲಿಗೆ ಒರಗಿ ನಿಂತಳು. ಫ್ರೀಡಾಳ ಮುಖ ಕೆಂಪಾಯಿತು.

“ಯೂ ಲೆಟ್ ಮಿ ರೈಟ್ ಇಟ್, ಪಪ್ಪಾ. ಇಡೀ ಕ್ಲಾಸಿನ ಮುಂದೆ ಓದಿದ್ದೆ ನಾನು.”

“ಹೌದು ಮಗಾ. ಅದೊಂದು ನಾನು ಮಾಡಬಾರದಿತ್ತು.”

ಅವಳು ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜೂಲಿಯನ್ ಎದ್ದು ಹೋಗಲು ನೋಡಿದ; ಲೊರೆಟ್ಟಾ ಕೈಸನ್ನೆ ಮಾಡಿ ಕೂರಿಸಿದಳು. ಚಹಾ ತಣ್ಣಗಾಯಿತು. ಅರ್ಧ ಗಂಟೆಯ ಮೇಲೆ ಫ್ರೀಡಾ ಹೊರಬಂದು ಅದೇ ಕುರ್ಚಿಯಲ್ಲಿ ಕೂತಳು. ಕಣ್ಣು ಊದಿತ್ತು, ಸಿಟ್ಟು ಪೂರ್ತಿ ಇಳಿದಿರಲಿಲ್ಲ.

“ಓಕೆ,” ಎಂದಳು. “ವಾಟ್ ವಾಸ್ ಇಟ್ ಲೈಕ್? ಹಂಚಿನ ಫ್ಯಾಕ್ಟರಿ?”

ಜೂಲಿಯನ್ ಹೇಳಿದ. ದೋಣಿಯಲ್ಲಿ ಬರುತ್ತಿದ್ದ ಜೇಡಿಮಣ್ಣು, ಅದನ್ನು ತುಳಿದು ಹದ ಮಾಡುವುದು, ಮಳೆಗಾಲದಲ್ಲಿ ಎಷ್ಟು ದಿನವಾದರೂ ಒಣಗದ ಹಸಿ ಹಂಚು, ಭಟ್ಟಿಯ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುವ ಬಿಸಿ, ಮೊದಲ ಸಂಬಳದಲ್ಲಿ ಅಮ್ಮನಿಗೆ ತಂದ ಛತ್ರಿ. ಮಗಳಿಗೆ ತನ್ನ ಯೌವನದ ಒಂದು ಸಂಗತಿಯನ್ನೂ ಅವನು ಹೇಳಿದ್ದೇ ಇರಲಿಲ್ಲ. ಎಲ್ಲಿ ಮಾತು ಜಾರಿ ನಿಜ ಹೊರಬೀಳುತ್ತದೋ ಎಂದು ಇಡೀ ಊರನ್ನೇ ಬಾಯಿಮುಚ್ಚಿ ಇಟ್ಟುಕೊಂಡಿದ್ದ. ಫ್ರೀಡಾ ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ಲೊರೆಟ್ಟಾಳೂ ಬಂದು ಕೂತು, ತಪ್ಪಿದ ಕಡೆ ಗಂಡನನ್ನು ತಿದ್ದಿದಳು.

ಶನಿವಾರ ಮೂವರೂ ಅಪ್ಪರ್ ಹಿಲ್‌ಗೆ ಹೋದರು. ಜೂಲಿಯನ್ ಮೆಟ್ಟಿಲ ಮೇಲೆ ನಿಂತು, ತಾನು ಮಂಗಳೂರಿನವನೆಂದೂ, ಅಲ್ಲಿ ಸೆಪ್ಟೆಂಬರಿನಲ್ಲಿ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮೇರಿ ಮಾತೆಗೆ ಅರ್ಪಿಸಿ, ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ಯುತ್ತಾರೆಂದೂ ಹೇಳಿದ. ಇಲ್ಲಿ ಭತ್ತ ಸಿಗಲಿಲ್ಲ, ಅದಕ್ಕೆ ರಾಗಿ ಎಂದ. ಜನ ಚಪ್ಪಾಳೆ ತಟ್ಟಿದರು. ಮಾತು ಒಂದೂವರೆ ನಿಮಿಷದಲ್ಲಿ ಮುಗಿದಿತ್ತು.

ಮೂರು ಗಂಟೆಗೆ ಆ ವರ್ಷದ ಸಣ್ಣ ಮಳೆಗಾಲದ ಮೊದಲ ಹನಿ ಬಿತ್ತು. ಜನರೆಲ್ಲ ಜಗಲಿಗೆ ಓಡಿದರು. ಜೂಲಿಯನ್ ಮಾತ್ರ ಅಂಗಳದಲ್ಲಿದ್ದ ತೆನೆಯ ಕುಂಡಗಳನ್ನು ಸೂರಿನಡಿಗೆ ಎಳೆಯತೊಡಗಿದ. ಫ್ರೀಡಾ ಚಪ್ಪಲಿ ಬಿಟ್ಟು ಬಂದು ಇನ್ನೊಂದು ಬದಿ ಹಿಡಿದಳು. ಚೆಂಡುಹೂಗಳ ಧೂಳು ತೊಳೆದುಹೋಗಿ ಬಣ್ಣ ಎದ್ದು ಬಂತು.

ಮಿಸೆಸ್ ಕೆಲ್ಲರ್ ಕಾಫಿಯ ಲೋಟ ಹಿಡಿದು ಹತ್ತಿರ ಬಂದಳು. “ಕ್ರಿಸ್‌ಮಸ್‌ಗೂ ನೀವೇ ಮಾಡಬೇಕು. ನಮ್ಮ ಕಡೆಯಂತೆ.”

ಜೂಲಿಯನ್ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

“ನಿಮ್ಮ ಕಡೆ ಹೇಗೆ ಮಾಡುತ್ತಾರೆ ಮೇಡಂ?” ಎಂದು ಕೇಳಿದ. “ನನಗೆ ಗೊತ್ತಿಲ್ಲ. ಸ್ವಲ್ಪ ಬಿಡಿಸಿ ಹೇಳಿ.”

ಆಕೆ ಹೇಳತೊಡಗಿದಳು. ಜೂಲಿಯನ್ ಸೂರಿನಡಿಯ ಬೆಂಚಿನ ಮೇಲೆ ಕೂತು, ಜೇಬಿನಿಂದ ಪೆನ್ಸಿಲ್ ತೆಗೆದು, ರಸೀದಿಯ ಹಿಂಬದಿಯಲ್ಲಿ ಒಂದೊಂದನ್ನೇ ಬರೆದುಕೊಂಡ.